ಐದು ಗಂಟೆಗೆ ಬಂದವರ ಕೂಲಿ

ಈ ಸಲ ಬಂದ ಪತ್ರಗಳಲ್ಲಿ ಮೂರು ಪತ್ರಗಳು ಒಂದೇ ಕಥೆಯ ಬಗ್ಗೆ ಕೇಳಿವೆ. ಬೈಬಲಿನ ಸಂತ ಮತ್ತಾಯನ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ಬರುವ ದ್ರಾಕ್ಷಿತೋಟದ ಕೂಲಿಯಾಳುಗಳ ಕಥೆ. ನಮ್ಮ ಕೊಡಗಿನಲ್ಲಿ ಕಾಫಿ ಕುಯ್ಲು ಈಗಷ್ಟೇ ಮುಗಿಯುತ್ತಾ ಬಂದಿದೆ. ತೂಕ, ಆಳು ಲೆಕ್ಕ, ಬಟವಾಡೆಯ ಮಾತು ಎಲ್ಲರ ಬಾಯಲ್ಲೂ ಇದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಮೂರಕ್ಕೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಟೀಚರೇ, ನಾನು ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ 22 ವರ್ಷದಿಂದ ಆಳು ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಜನವರಿಯಲ್ಲಿ ರೊಬಸ್ಟಾ ಕುಯ್ಲು ಜೋರಾಗಿದ್ದಾಗ ಒಂದು ದಿನ ಹಾಡಿಯ (ಆದಿವಾಸಿ ಕೇರಿಯ) ಐದು ಹೆಂಗಸರು ಬಂದಾಗ ಮಧ್ಯಾಹ್ನ ಹನ್ನೆರಡಾಗಿತ್ತು. ದಾರಿಯಲ್ಲಿ ಆನೆಗಳು ನಿಂತಿದ್ದವಂತೆ. ನಾನು ಚೆಕ್‌ರೋಲ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ಅರ್ಧ ಆಳು, ಅಂದರೆ ಅರ್ಧ ದಿನದ ಕೂಲಿ ಹಾಕಿದೆ. ಸಂಜೆ ಸಾಹುಕಾರರು ಬಂದು ಅದನ್ನು ಹೊಡೆದುಹಾಕಿ ಪೂರ್ತಿ ಆಳು ಬರೆದರು. ಬಟವಾಡೆ ದಿನ ತೋಟದ ಲೈನ್ ಮನೆಗಳಲ್ಲಿ ಇರುವ ಆಳುಗಳು ಗಲಾಟೆ ಮಾಡಿದರು. 'ಬೆಳಿಗ್ಗೆ ಎಂಟಕ್ಕೆ ಬಂದ ನಾವೇನು ದಡ್ಡರಾ' ಎಂದರು. ಬೈಸಿಕೊಂಡದ್ದು ನಾನು. ಮನೆಗೆ ಬಂದು ಮತ್ತಾಯ 20 ತೆಗೆದು ಓದಿದೆ. ಸಮಾಧಾನ ಆಗಲಿಲ್ಲ, ಸಿಟ್ಟು ಇನ್ನೂ ಜಾಸ್ತಿ ಆಯಿತು. ಹೀಗೆ ಮಾಡಿದರೆ ನಾಳೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಯಾರು ಬರುತ್ತಾರೆ? ಇದು ಯಾವ ನ್ಯಾಯ? ಕೇಳಬಾರದ್ದು ಕೇಳಿದ್ದರೆ ಕ್ಷಮಿಸಿ.

ಉತ್ತರ: ರೈಟರೇ, ಕ್ಷಮೆ ಯಾಕೆ? ಈ ಕಥೆ ಓದಿ ಸಿಟ್ಟು ಬಂತು ಅಂದರೆ ನೀವು ಅದನ್ನು ಸರಿಯಾಗಿಯೇ ಓದಿದ್ದೀರಿ. ನಾನು ಮೂವತ್ತು ವರ್ಷ ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಇದನ್ನು ಹೇಳಿಕೊಟ್ಟಿದ್ದೇನೆ. ಕಥೆ ಮುಗಿದಾಗ 'ಟೀಚರ್, ಇದು ಮೋಸ' ಎಂದು ಒಂದು ಮಗುವಾದರೂ ಹೇಳದ ವರ್ಷ ಇಲ್ಲ. ಹಾಗೆ ಹೇಳುವ ಮಗು ಸಾಮಾನ್ಯವಾಗಿ ಮೊದಲ ಬೆಂಚಿನದು. ದಿನಾ ಹೊತ್ತಿಗೆ ಸರಿಯಾಗಿ ಬರುವ ಮಗು.

ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಬ್ಬ ಯಜಮಾನ ಬೆಳಗಾಗುತ್ತಲೇ ಪೇಟೆಗೆ ಹೋಗಿ ಆಳುಗಳನ್ನು ಕರೆಯುತ್ತಾನೆ. ದಿನಕ್ಕೆ ಒಂದು ದಿನಾರಿ ಎಂದು ಮಾತಾಗುತ್ತದೆ. ಒಂಬತ್ತು ಗಂಟೆಗೆ ಮತ್ತೆ ಹೋಗುತ್ತಾನೆ, ಇನ್ನಷ್ಟು ಜನ ನಿಂತಿರುತ್ತಾರೆ, ಅವರನ್ನೂ ಕಳಿಸುತ್ತಾನೆ. ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗುತ್ತಾನೆ. ಆರು ಗಂಟೆಗೆ ಕೆಲಸ ಮುಗಿಯುತ್ತದೆ. ಕೊನೆಗೆ ಬಂದವರಿಂದ ಹಿಡಿದು ಎಲ್ಲರಿಗೂ ಒಂದೊಂದು ದಿನಾರಿ ಕೊಡಿಸುತ್ತಾನೆ. ಬೆಳಿಗ್ಗೆ ಬಂದವರು ಗೊಣಗುತ್ತಾರೆ.

ಈ ಕಥೆಯಲ್ಲಿ ನಿಮ್ಮ ಕೆಲಸದವರೊಬ್ಬರು ಇದ್ದಾರೆ, ಗಮನಿಸಿದಿರಾ? ಎಂಟನೆಯ ವಚನ ನೋಡಿ. ಯಜಮಾನ ತನ್ನ ಮೇಲ್ವಿಚಾರಕನನ್ನು ಕರೆದು 'ಕೂಲಿ ಕೊಡು, ಕೊನೆಯವರಿಂದ ಶುರುಮಾಡು' ಎನ್ನುತ್ತಾನೆ. ಆತನೇ ಆ ತೋಟದ ರೈಟರ್. ಪಾಪ, ಅವನಿಗೆ ಕಥೆಯಲ್ಲಿ ಒಂದು ಮಾತೂ ಇಲ್ಲ. ನಾಣ್ಯ ಎಣಿಸಿ ಕೊಟ್ಟವನು ಅವನು. ಹಿಂದಿನ ಸಾಲಿನವರ ಕಣ್ಣು ಮೊದಲು ಬಿದ್ದದ್ದೂ ಅವನ ಕೈಮೇಲೆ. ನಿಮ್ಮ ಪತ್ರ ಬರುವವರೆಗೆ ಅವನ ಬಗ್ಗೆ ನಾನೂ ಯೋಚಿಸಿರಲಿಲ್ಲ. ಈಗ ಆ ವಚನಕ್ಕೆ ಬಂದಾಗ ಅಲ್ಲೇ ನಿಂತುಬಿಡುತ್ತೇನೆ.

ಒಂದು ದಿನಾರಿ ಎಂದರೆ ಎಷ್ಟು? ಅದು ರೋಮನ್ನರ ಬೆಳ್ಳಿ ನಾಣ್ಯ. ಕೂಲಿಯವನ ಒಂದು ದಿನದ ಸಂಪಾದನೆ. ಒಂದು ಮನೆಯ ಒಂದು ದಿನದ ಊಟ ಅಂತ ಇಟ್ಟುಕೊಳ್ಳಿ. ಅರ್ಧ ದಿನಾರಿ ಕೊಟ್ಟರೆ ಅರ್ಧ ಊಟ. ಐದಕ್ಕೆ ಬಂದವನಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟರೆ ಹನ್ನೆರಡರಲ್ಲಿ ಒಂದು ಪಾಲು. ಅಷ್ಟರಲ್ಲಿ ಮಕ್ಕಳಿಗೆ ಏನು ತಗೊಂಡು ಹೋಗುತ್ತಾನೆ? ಯಜಮಾನ ಅವರು ದುಡಿದ ಗಂಟೆ ಎಣಿಸಲಿಲ್ಲ. ಅವರ ಮನೆಯಲ್ಲಿ ಎಷ್ಟು ತಟ್ಟೆ ಇವೆ ಎಂದು ಎಣಿಸಿದ. 'ನಮ್ಮ ಅನುದಿನದ ಆಹಾರ' ಎಂದು ನಾವು ದಿನಾ ಬೇಡುತ್ತೇವಲ್ಲ, ಆ ಆಹಾರವೇ ಈ ದಿನಾರಿ.

ಇದು ಹೊಸ ಲೆಕ್ಕವೂ ಅಲ್ಲ. ಇಸ್ರಯೇಲರು ಮರಳುಗಾಡಿನಲ್ಲಿ ಮನ್ನಾ ಕೂಡಿಸಿದಾಗ ಜಾಸ್ತಿ ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಸಾಲದೆ ಬರಲಿಲ್ಲ ಎಂದು ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿದೆ. ಯೇಸುವಿನ ಮಾತು ಕೇಳುತ್ತಿದ್ದ ಜನ ಚಿಕ್ಕಂದಿನಿಂದ ಆ ಕಥೆ ಕೇಳಿ ಬೆಳೆದವರು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ನಾಳೆ ಯಾರು ಹೊತ್ತಿಗೆ ಬರುತ್ತಾರೆ? ಆರು ಮತ್ತು ಏಳನೆಯ ವಚನ ನಿಧಾನವಾಗಿ ಓದಿ. ಐದು ಗಂಟೆಗೆ ಯಜಮಾನ ಕೇಳುತ್ತಾನೆ: ದಿನವೆಲ್ಲ ಇಲ್ಲಿ ಸುಮ್ಮನೆ ಯಾಕೆ ನಿಂತಿದ್ದೀರಿ? ಅವರು ಹೇಳುತ್ತಾರೆ: ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ.

ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಮಾತು ಇದು. ಅವರು ಮಲಗಿದ್ದವರಲ್ಲ. ಹೆಂಡದಂಗಡಿಯಲ್ಲಿ ಕೂತವರಲ್ಲ. ಐದು ಗಂಟೆಯವರೆಗೂ ಪೇಟೆಯಲ್ಲೇ ನಿಂತಿದ್ದಾರೆ. ಒಂಬತ್ತಕ್ಕೆ ಯಾರೂ ಕರೆಯದಿದ್ದರೆ ಹನ್ನೆರಡಕ್ಕೆ ಕರೆಯಬಹುದು ಎಂದು ನಿಂತಿದ್ದಾರೆ. ಹನ್ನೆರಡಕ್ಕೆ ಇಲ್ಲದಿದ್ದರೆ ಮೂರಕ್ಕೆ. ಬಿಸಿಲಲ್ಲಿ ಕೆಲಸ ಮಾಡುವುದು ಕಷ್ಟ. ಕೆಲಸ ಇಲ್ಲದೆ ಬಿಸಿಲಲ್ಲಿ ನಿಲ್ಲುವುದು ಅದಕ್ಕಿಂತ ಕಷ್ಟ. ನಮ್ಮ ಪೇಟೆಗಳಲ್ಲೂ ಬೆಳಿಗ್ಗೆ ಬುತ್ತಿ ಹಿಡಿದು ಜೀಪಿಗೆ ಕಾಯುವವರಿದ್ದಾರೆ. ಮೊದಲು ಜೀಪು ಹತ್ತುವವರು ಯಾರು? ಗಟ್ಟಿಮುಟ್ಟಾದ ಹುಡುಗರು. ಕೊನೆಗೆ ಉಳಿಯುವವರು ವಯಸ್ಸಾದವರು, ಕೆಮ್ಮುವವರು, ಕೈಮಗು ಇರುವವಳು, ಭಾಷೆ ಬಾರದೆ ಅಸ್ಸಾಮಿನಿಂದ ಮೊನ್ನೆ ಬಂದ ಹುಡುಗ. ಅವರ ಸೋಮಾರಿತನದಿಂದ ತಡವಾಗಲಿಲ್ಲ, ನಮ್ಮ ಆಯ್ಕೆಯಿಂದ ತಡವಾಯಿತು.

ನಿಮ್ಮ ತೋಟದ ಆ ಐದು ಹೆಂಗಸರೂ ಹಾಗೇ ಅಲ್ವಾ? ಅವರು ಹೊರಟಿದ್ದು ಹೊತ್ತಿಗೆ ಸರಿಯಾಗಿಯೇ. ದಾರಿಯಲ್ಲಿ ಆನೆ ನಿಂತಿತ್ತು. ನಿಮ್ಮ ಕಡೆ ಆನೆ ಎದುರಾಗಿ ಜೀವ ಹೋದ ಕೂಲಿಯವರಿದ್ದಾರೆ, ನಿಮಗೇ ಗೊತ್ತು. ಆ ಹೆಂಗಸರು 'ಇವತ್ತು ಬೇಡ' ಎಂದು ಹಾಡಿಗೆ ವಾಪಸ್ ಹೋಗಬಹುದಿತ್ತು. ಹೋಗಲಿಲ್ಲ. ಆನೆ ಸರಿಯುವವರೆಗೆ ಕಾದು, ಮತ್ತೆ ಅದೇ ದಾರಿಯಲ್ಲಿ ನಡೆದು ನಿಮ್ಮ ತೋಟಕ್ಕೆ ಬಂದರು. ಆ ಕಾಯುವಿಕೆಗೆ ಚೆಕ್‌ರೋಲ್‌ನಲ್ಲಿ ಕಾಲಂ ಇಲ್ಲ. ನಿಮ್ಮ ಸಾಹುಕಾರರು ಅದನ್ನೂ ಲೆಕ್ಕಕ್ಕೆ ತಗೊಂಡರು ಅನ್ನಿಸುತ್ತದೆ.

ಇಲ್ಲಿ ನನ್ನ ಮನೆಯ ಒಂದು ಸಂಗತಿ ಹೇಳಲೇಬೇಕು. ಇದನ್ನು ಬಿಟ್ಟು ಈ ಕಥೆ ಓದಲು ನನಗೆ ಬರುವುದಿಲ್ಲ. ಆಗ ನನಗೆ ಒಂಬತ್ತು ವರ್ಷ. ಅಪ್ಪ ತೀರಿಕೊಂಡಿದ್ದರು. ಅಮ್ಮ ವಿರಾಜಪೇಟೆಯ ಹತ್ತಿರ ಒಂದು ತೋಟಕ್ಕೆ ಹಣ್ಣು ಕುಯ್ಯಲು ಹೋಗುತ್ತಿದ್ದರು. ಒಂದು ದಿನ ತಮ್ಮನಿಗೆ ಜ್ವರ. ಔಷಧಿ ತಂದು, ಅವನನ್ನು ನನ್ನ ಮಡಿಲಲ್ಲಿ ಮಲಗಿಸಿ ಅಮ್ಮ ತೋಟ ಸೇರಿದಾಗ ಹತ್ತೂವರೆ. ಅಲ್ಲಿನ ರೈಟರ್ ವಾಪಸ್ ಕಳಿಸಿದರು. ಅರ್ಧ ಆಳೂ ಹಾಕಲಿಲ್ಲ. ಆತ ಕೆಟ್ಟವರೇನಲ್ಲ, ಮೇಲಿನಿಂದ ಬಂದ ಆಜ್ಞೆ ಹಾಗಿತ್ತು. ಅಮ್ಮ ಮನೆಗೆ ಬಂದು ಸೊಂಟಕ್ಕೆ ಕಟ್ಟಿದ ಖಾಲಿ ಚೀಲ ಬಿಚ್ಚಿ ಮೊಳೆಗೆ ನೇತುಹಾಕಿದರು. ಏನೂ ಮಾತಾಡಲಿಲ್ಲ. ಆ ಚೀಲ ಗೋಡೆಯಲ್ಲಿ ನೇತಾಡುತ್ತಿದ್ದದ್ದು ಈಗಲೂ ನನ್ನ ಕಣ್ಣಲ್ಲಿದೆ.

ಸಂಜೆ ಪಕ್ಕದ ಲೈನಿನ ಒಬ್ಬ ಹೆಂಗಸು ಬಂದಳು. ಬೆಳಿಗ್ಗೆಯಿಂದ ಪೂರ್ತಿ ಆಳು ಮಾಡಿದವಳು. ಸೆರಗಿನಲ್ಲಿ ಎರಡು ಪಾವು ಅಕ್ಕಿ ತಂದಿದ್ದಳು. 'ನೀನು ಬರಲಿಲ್ಲ ಅಂತ ನಿನ್ನ ಸಾಲನ್ನೂ ನಾವೇ ಕುಯ್ದೆವು, ನಮಗೆ ಇವತ್ತು ತೂಕ ಜಾಸ್ತಿ ಬಂತು' ಎಂದಳು. ಅಷ್ಟೇ. ರಾತ್ರಿ ನಾವು ಗಂಜಿ ಕುಡಿದೆವು.

ಮತ್ತಾಯನ ಕಥೆಯಲ್ಲಿ ಬೆಳಿಗ್ಗೆ ಬಂದವರಲ್ಲಿ ಹೀಗೆ ಒಬ್ಬರಾದರೂ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಆಸೆಪಟ್ಟಿದ್ದೇನೆ. 'ಅಬ್ಬ, ಇವರ ಮನೆಯಲ್ಲೂ ಇವತ್ತು ಒಲೆ ಉರಿಯುತ್ತದೆ' ಎಂದು ಒಬ್ಬರಾದರೂ ಹೇಳಿದ್ದರೆ. ಯಾರೂ ಹೇಳಲಿಲ್ಲ. ಅವರು ಏನು ಹೇಳಿದರು ನೋಡಿ: 'ಕೊನೆಗೆ ಬಂದ ಇವರು ಒಂದೇ ತಾಸು ಮಾಡಿದರು, ದಿನದ ಭಾರವನ್ನೂ ಬಿಸಿಲನ್ನೂ ಹೊತ್ತ ನಮಗೆ ಇವರನ್ನು ಸಮ ಮಾಡಿದಿರಲ್ಲ.' ಅವರ ದಿನಾರಿಯಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ. ಅವರನ್ನು ಚುಚ್ಚಿದ್ದು 'ಸಮ' ಎನ್ನುವ ಮಾತು. ರೈಟರೇ, ನಿಮ್ಮ ತೋಟದ ಗಲಾಟೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ತಡವಾಗಿ ಬಂದವರು ಹಾಡಿಯವರಲ್ಲದೆ ಬೇರೆ ಯಾರಾದರೂ ಆಗಿದ್ದರೆ ಅಷ್ಟೇ ಗಲಾಟೆ ಆಗುತ್ತಿತ್ತಾ? ನಾನು ಅಲ್ಲಿ ಇರಲಿಲ್ಲ, ನೀವಿದ್ದಿರಿ. ನಿಮ್ಮ ಮನಸ್ಸಿಗೇ ಬಿಡುತ್ತೇನೆ.

ಯಜಮಾನನ ಉತ್ತರವನ್ನು ಮೂಲ ಗ್ರೀಕ್ ಭಾಷೆಯಲ್ಲಿ ಇದ್ದ ಹಾಗೆ ಹೇಳಿದರೆ 'ನಾನು ಒಳ್ಳೆಯವನಾದೆ ಅಂತ ನಿನ್ನ ಕಣ್ಣು ಕೆಟ್ಟದ್ದಾಯಿತಾ' ಎಂದಾಗುತ್ತದೆ. ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಕಣ್ಣುರಿ ಅನ್ನುವುದು ಅದಕ್ಕೇ. ಪಕ್ಕದವನ ತಟ್ಟೆ ನೋಡಿದಾಗ ನಮ್ಮ ತಟ್ಟೆಯ ಅನ್ನ ರುಚಿ ಕಳೆದುಕೊಳ್ಳುತ್ತದೆ. ಅನ್ನ ಅದೇ, ಕೆಟ್ಟದ್ದು ಕಣ್ಣು.

ಆದರೆ ಹಾಗೆ ಹೇಳುವ ಮೊದಲು ಯಜಮಾನ ಗೊಣಗಿದವರಲ್ಲಿ ಒಬ್ಬನನ್ನು 'ಗೆಳೆಯಾ' ಎಂದು ಕರೆಯುತ್ತಾನೆ. ಗದರುವುದಿಲ್ಲ, ನಾಳೆಯಿಂದ ಬರಬೇಡ ಎನ್ನುವುದಿಲ್ಲ. ಎದುರು ನಿಂತು ಮಾತಾಡುತ್ತಾನೆ. ಇಲ್ಲಿ ನಿಮ್ಮ ಸಾಹುಕಾರರ ಬಗ್ಗೆ ನನಗೊಂದು ದೂರಿದೆ. ಕೊಟ್ಟದ್ದು ಒಳ್ಳೆಯದೇ. ಆದರೆ ಕೊಟ್ಟು, ಬೈಗುಳವನ್ನು ನಿಮ್ಮ ಹೆಗಲಿಗೆ ಬಿಟ್ಟರಲ್ಲ, ಅದು ಸರಿಯಲ್ಲ. ಕಥೆಯ ಯಜಮಾನ ಕೂಲಿ ಎಣಿಸುವುದನ್ನು ರೈಟರ್ ಕೈಗೆ ಕೊಟ್ಟ, ಗೊಣಗಾಟಕ್ಕೆ ಉತ್ತರವನ್ನು ತಾನೇ ಕೊಟ್ಟ. ಈ ಮಾತನ್ನು ನೀವು ಸಾಹುಕಾರರಿಗೆ ಹೇಳಬಹುದು. ಬೇಕಿದ್ದರೆ ಈ ಪುಟವನ್ನೇ ತೋರಿಸಿ.

ನೀವು ಮಾಡಬಹುದಾದದ್ದೂ ಇದೆ. ಆನೆಯಿಂದ ತಡವಾದ ದಿನ ಪೂರ್ತಿ ಆಳು ಎಂದು ಮೊದಲೇ ಎಲ್ಲರ ಎದುರು ಹೇಳಿಬಿಡಿ. ಲೈನಿನವರಿಗೂ ಅದೇ ಅನ್ವಯ, ಅವರ ಮಗುವಿಗೂ ಒಂದು ದಿನ ಜ್ವರ ಬರುತ್ತದೆ. ಜಾಸ್ತಿ ಕುಯ್ದವರಿಗೆ ಕಿಲೋ ಲೆಕ್ಕದಲ್ಲಿ ಬರಬೇಕಾದ್ದನ್ನು ಒಂದು ಗ್ರಾಂ ಬಿಡದೆ ಕೊಡಿ. ಬೆಳಿಗ್ಗೆ ಬಂದವರಿಗೆ ತಮ್ಮದು ಪೂರ್ತಿ ಬಂತು ಎನ್ನುವ ನಂಬಿಕೆ ಇದ್ದರೆ ಕಣ್ಣುರಿ ಅರ್ಧ ಇಳಿಯುತ್ತದೆ. ಸುಮ್ನೆ ದಿನಾ ತಡ ಮಾಡುವವರಿಗೆ ಏನು ಮಾಡಬೇಕು ಎನ್ನುವುದು ನಿಮ್ಮ 22 ವರ್ಷದ ಅನುಭವಕ್ಕೆ ಗೊತ್ತು. ಅದಕ್ಕೆ ಈ ಕಥೆಯನ್ನು ಎಳೆದು ತರುವುದು ಬೇಡ. ಅಲ್ಲಿ ಅಂಥವರು ಒಬ್ಬರೂ ಇಲ್ಲ.

ಇನ್ನೊಂದು ಮಾತು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದಲ್ಲಿ ಕೂತು ಈ ಭಾಗವನ್ನು ಕೇಳುವಾಗ ನನಗೆ ನಮ್ಮ ಹಿರಿಯರ ನೆನಪಾಗುತ್ತದೆ. ಮೂರು ವರ್ಷಕ್ಕೊಮ್ಮೆ ಸೆಪ್ಟೆಂಬರ್ ಹೊತ್ತಿಗೆ ಇದು ಭಾನುವಾರದ ಬಲಿಪೂಜೆಯಲ್ಲಿ (ಮಾಸ್‌ನಲ್ಲಿ) ಬರುತ್ತದೆ. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅಲ್ಲಿಂದ ತಪ್ಪಿಸಿಕೊಂಡ ಕೆಲವರು ಕೊಡಗಿಗೆ ಬಂದರು. ಅವರ ಕೈಯಲ್ಲಿ ಏನೂ ಇರಲಿಲ್ಲ. ಈ ಮಣ್ಣಿಗೆ ಬೆವರು ಸುರಿಸಿದವರಲ್ಲ, ಇಲ್ಲಿಯವರ ನೆಂಟರಲ್ಲ, ಇಲ್ಲಿಯವರ ದೇವರಿಗೆ ನಡೆದುಕೊಳ್ಳುವವರೂ ಅಲ್ಲ. ದೊಡ್ಡ ವೀರರಾಜೇಂದ್ರ ಅರಸರು ಅವರಿಗೆ ಜಾಗ ಕೊಟ್ಟರು. 1792ರಲ್ಲಿ ವಿರಾಜಪೇಟೆಯಲ್ಲಿ ದೇವಾಲಯ ಶುರುವಾಯಿತು. ಕೊಡಗಿನ ಲೆಕ್ಕದಲ್ಲಿ ನಾವು ಐದು ಗಂಟೆಗೆ ಬಂದವರು. ಇಲ್ಲಿ ಮೊದಲಿನಿಂದ ಇದ್ದವರಲ್ಲಿ ಹಾಡಿಯ ಯರವರೂ ಸೇರಿದ್ದಾರೆ. ಹಾಡಿಯ ಹೆಂಗಸಿಗೆ ಪೂರ್ತಿ ಆಳು ಕೊಟ್ಟಾಗ ಗೊಣಗಲು ನನಗಂತೂ ಬಾಯಿ ಬರುವುದಿಲ್ಲ.

ಪ್ರಶ್ನೆ: ನಾನು ಸೋಮವಾರಪೇಟೆಯವಳು. ಅತ್ತೆ ಹಾಸಿಗೆ ಹಿಡಿದು ಒಂಬತ್ತು ವರ್ಷವಾಯಿತು. ಸ್ನಾನ, ಊಟ, ಔಷಧಿ ಎಲ್ಲ ನನ್ನದೇ. ಮೈದುನನ ಮನೆಯವರು ಬೆಂಗಳೂರಿನಲ್ಲಿದ್ದರು. ಈಗ ಬಂದು ಮೂರು ತಿಂಗಳಾಯಿತು. ಅತ್ತೆ ತಮ್ಮ ಬಳೆಗಳನ್ನು ಇಬ್ಬರು ಸೊಸೆಯರಿಗೂ ಸಮ ಮಾಡಿ ಕೊಟ್ಟರು. ನನಗೆ ಚಿನ್ನದ ಆಸೆ ಇಲ್ಲ. ಆದರೆ ಅಳು ಬಂತು. ಮನೆಯವರು 'ಮತ್ತಾಯ 20 ಓದು, ಹೊಟ್ಟೆಕಿಚ್ಚು ಪಡಬೇಡ' ಎಂದರು. ನಾನು ಅಷ್ಟು ಕೆಟ್ಟವಳಾ?

ಉತ್ತರ: ಅಲ್ಲ ತಂಗಿ, ನೀನು ಕೆಟ್ಟವಳಲ್ಲ. ಮೊದಲು ಅದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ.

ಈ ಕಥೆಯನ್ನು ದಣಿದವರ ಬಾಯಿ ಮುಚ್ಚಿಸಲು ಬಳಸುವುದನ್ನು ಕಂಡಾಗ ನನಗೆ ತುಂಬಾ ನೋವಾಗುತ್ತದೆ. ಕಥೆಯಲ್ಲಿ ಬೆಳಿಗ್ಗೆ ಬಂದವರಿಗೆ ಯಜಮಾನ ಆ ಮಾತು ಹೇಳುವ ಹೊತ್ತಿಗೆ ಅವರ ಕೈಯಲ್ಲಿ ಅವರ ದಿನಾರಿ ಇತ್ತು. ಅದೂ ಅವತ್ತೇ ಸಂಜೆ. ಕೂಲಿಯನ್ನು ಅವತ್ತೇ ಕೊಡಬೇಕು, ಸೂರ್ಯ ಮುಳುಗುವವರೆಗೆ ಇಟ್ಟುಕೊಳ್ಳಬಾರದು ಎಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಆಜ್ಞೆಯೇ ಇದೆ. ಬಡವ, ಅದನ್ನೇ ನಂಬಿಕೊಂಡಿರುತ್ತಾನೆ ಎಂದು ಕಾರಣವನ್ನೂ ಕೊಟ್ಟಿದೆ.

ಈಗ ನಿನ್ನನ್ನು ಕೇಳುತ್ತೇನೆ. ನಿನ್ನ ದಿನಾರಿ ನಿನಗೆ ಬಂತಾ? ಒಂಬತ್ತು ವರ್ಷದಲ್ಲಿ ಯಾರಾದರೂ 'ಇವತ್ತು ನೀನು ಮಲಗು, ಅಮ್ಮನನ್ನು ನಾನು ನೋಡಿಕೊಳ್ತೇನೆ' ಎಂದರಾ? ತವರಿಗೆ ಹೋಗಿ ಎರಡು ದಿನ ಇದ್ದು ಬರಲು ಆಯಿತಾ? ನಿನ್ನ ಬೆನ್ನು ನೋವಿಗೆ ಡಾಕ್ಟರ ಹತ್ತಿರ ಯಾರಾದರೂ ಕರೆದುಕೊಂಡು ಹೋದರಾ? ಬೆನ್ನು ನೋವಿನ ಬಗ್ಗೆ ನೀನು ಬರೆದಿಲ್ಲ. ಆದರೆ ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸುವವರಿಗೆ ಅದು ಬಾರದೆ ಇರುವುದಿಲ್ಲ. ನಾನು ಅಮ್ಮನನ್ನು ಎರಡು ವರ್ಷ ನೋಡಿಕೊಂಡವಳು.

ಇದಕ್ಕೆಲ್ಲ 'ಇಲ್ಲ' ಎನ್ನುವುದೇ ಉತ್ತರವಾದರೆ, ನಿನ್ನ ಮನೆಯವರು ತೆಗೆದ ಪುಟ ಸರಿಯಲ್ಲ. ಅವರು ತೆಗೆಯಬೇಕಾದದ್ದು ಯಾಕೋಬನ ಪತ್ರದ 5ನೆಯ ಅಧ್ಯಾಯ. ಹೊಲ ಕುಯ್ದವರಿಂದ ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟುತ್ತದೆ ಎಂದು ಅಲ್ಲಿದೆ. ನಿನಗೆ ಬಂದ ಅಳು ಬಳೆಯದ್ದಲ್ಲ ಅನ್ನಿಸುತ್ತದೆ. ಆ ಕೂಗು ಅದು.

ಅತ್ತೆಯ ವಿಷಯ ಬೇರೆ. ಅವರಿಗೆ ಇಬ್ಬರೂ ಮಕ್ಕಳೇ. ಬಳೆ ಅವರವು. ಸಮ ಮಾಡಿ ಕೊಟ್ಟದ್ದರಲ್ಲಿ ನಿನ್ನನ್ನು ಕಡಿಮೆ ಮಾಡಿದ್ದಾರೆ ಎಂದು ನನಗೆ ಕಾಣುವುದಿಲ್ಲ. ನಿನ್ನ ಓರಗಿತ್ತಿಯ ಮೇಲೂ ಸಿಟ್ಟು ಬೇಡ. ಬಂದು ಮೂರು ತಿಂಗಳಾದರೂ ಆಯಿತಲ್ಲ. ಅವಳನ್ನು ಕೆಲಸಕ್ಕೆ ಕರೆದವರು ಯಾರಾದರೂ ಇದ್ದಾರಾ? ಒಂಬತ್ತು ವರ್ಷ ಒಬ್ಬಳೇ ಮಾಡಿದ ಮನೆಯಲ್ಲಿ ಹೊಸಬಳು ಎಲ್ಲಿ ಕೈ ಹಾಕಬೇಕು ಎಂದು ಗೊತ್ತಾಗದೆ ಅಡುಗೆಮನೆ ಬಾಗಿಲಲ್ಲಿ ನಿಂತಿರಲೂಬಹುದು. ನಾಳೆ ಸ್ನಾನದ ನೀರು ಕಾಯಿಸುವಾಗ ಅವಳನ್ನು ಕರೆ. 'ಇವತ್ತು ನೀನು ಅತ್ತೆಗೆ ಸ್ನಾನ ಮಾಡಿಸು, ಹೇಗಂತ ಹೇಳಿಕೊಡ್ತೇನೆ' ಎನ್ನು. ಮಾಡಿಸಿದರೆ ನಿನ್ನ ಬೆನ್ನಿಗೆ ಒಂದು ದಿನದ ಬಿಡುವು. ಮಾಡಿಸದಿದ್ದರೆ ಆಗ ಮತ್ತೆ ನನಗೆ ಬರೆ, ನೋಡೋಣ.

ಗಂಡನಿಗೆ ಈ ಪುಟ ಓದಲು ಕೊಡು. ಅವರಿಗೆ ನನ್ನದೊಂದು ಮಾತು: ತಮ್ಮಾ, ಆ ಯಜಮಾನ ಒಂದೇ ದಿನದಲ್ಲಿ ಐದು ಸಲ ಮನೆಯಿಂದ ಹೊರಗೆ ಹೋಗಿ ಯಾರಿಗೆ ಏನು ಬೇಕು ಎಂದು ನೋಡಿದ. ನೀವು ಒಂದು ಸಲ ನಿಮ್ಮ ಮನೆಯೊಳಗೇ ನೋಡಿ.

ಪ್ರಶ್ನೆ: ನಮ್ಮ ಅಪ್ಪನಿಗೆ 76 ವರ್ಷ. ಮೂವತ್ತು ವರ್ಷದಿಂದ ದೇವಾಲಯದ ಮೆಟ್ಟಿಲು ಹತ್ತಿಲ್ಲ. ಈಗ ಶ್ವಾಸಕೋಶದ ಕಾಯಿಲೆ, ಡಾಕ್ಟರು ಮನೆಗೆ ಕಳಿಸಿದ್ದಾರೆ. ಮೊನ್ನೆ ರಾತ್ರಿ 'ಸ್ವಾಮಿಗಳನ್ನು (ಪಾದ್ರಿಗಳನ್ನು) ಕರೆಯಿರಿ' ಎಂದರು. ಅಣ್ಣ 'ಇಷ್ಟು ವರ್ಷ ಬೇಡವಾದ ದೇವರು ಈಗ ಹೆದರಿಕೆಗೆ ಬೇಕಾಯಿತಾ, ಇದು ದೇವರಿಗೆ ಮಾಡುವ ಮೋಸ' ಎನ್ನುತ್ತಾನೆ. ಐದು ಗಂಟೆಗೆ ಬಂದವರು ಎಂದರೆ ಇಂಥವರೇ ಅಲ್ವಾ? (ಕುಶಾಲನಗರ)

ಉತ್ತರ: ಹೌದಮ್ಮ, ಇಂಥವರೇ. ಹಿಂದಿನ ಕಾಲದಿಂದಲೂ ಧರ್ಮಸಭೆಯ ಹಿರಿಯರು ಹೀಗೇ ಓದಿದ್ದಾರೆ. ಬೆಳಿಗ್ಗೆಯವರು ಎಂದರೆ ಬಾಲ್ಯದಿಂದ ನಂಬಿದವರು, ಐದು ಗಂಟೆಯವರು ಎಂದರೆ ಮುಪ್ಪಿನಲ್ಲಿ ಬಂದವರು ಎಂದು ಸಂತ ಅಗಸ್ಟೀನರು ಹೇಳಿದರು. ಗ್ರೀಕ್ ಮತ್ತು ರಷ್ಯನ್ ಆರ್ಥಡಾಕ್ಸ್ ದೇವಾಲಯಗಳಲ್ಲಿ ಪಾಸ್ಕ (ಈಸ್ಟರ್) ಹಬ್ಬದ ರಾತ್ರಿ ಸಂತ ಜಾನ್ ಕ್ರಿಸೋಸ್ತೊಮರ ಹೆಸರಿನ ಒಂದು ಪ್ರಬೋಧನೆ ಓದುತ್ತಾರೆ. ಹನ್ನೊಂದನೆಯ ತಾಸಿಗೆ ಬಂದವನೂ ಹೆದರದೆ ಒಳಗೆ ಬರಲಿ, ಯಜಮಾನ ಅವನನ್ನೂ ಬರಮಾಡಿಕೊಳ್ಳುತ್ತಾನೆ ಎಂದು ಅದರಲ್ಲಿದೆ. ಬೆಳಗಿನಿಂದ ಎಣಿಸಿದರೆ ಹನ್ನೊಂದನೆಯ ತಾಸು ಎಂದರೆ ನಮ್ಮ ಸಂಜೆ ಐದು ಗಂಟೆ.

ಹೆದರಿಕೆಯಿಂದ ಕರೆದರೆ ತಪ್ಪೇನು? ಶಿಲುಬೆಯ ಮೇಲೆ ಯೇಸುವಿನ ಪಕ್ಕದಲ್ಲಿದ್ದ ಅಪರಾಧಿ ಸಾಯುವ ಹೊತ್ತಲ್ಲೇ 'ನನ್ನನ್ನು ನೆನಪಿಡಿ' ಎಂದು ಕೇಳಿದ. ಆತನಿಗೆ ಸಿಕ್ಕ ಉತ್ತರ ಸಂತ ಲೂಕನ 23ನೆಯ ಅಧ್ಯಾಯದಲ್ಲಿದೆ. 'ಇಂದೇ' ಎಂಬ ಮಾತು ಅದರಲ್ಲಿದೆ.

ಅಣ್ಣನ ಸಿಟ್ಟನ್ನು ಮಾತ್ರ ತಳ್ಳಿಹಾಕಬೇಡ. ಆ ಮೂವತ್ತು ವರ್ಷ ಅಮ್ಮನನ್ನು ಪ್ರತಿ ಭಾನುವಾರ ದೇವಾಲಯಕ್ಕೆ ಕರೆದುಕೊಂಡು ಹೋದವನು ಅವನೇ ಎಂದು ನೀನು ಫೋನಿನಲ್ಲಿ ಹೇಳಿದೆ. ಅವನು ಬೆಳಿಗ್ಗೆಯಿಂದ ಬಿಸಿಲು ಹೊತ್ತವನು. ಅಪ್ಪ ಅವನನ್ನು ಒಂದು ಸಲ ಹತ್ತಿರ ಕರೆದು ಕೂರಿಸಿಕೊಂಡರೆ ಒಳ್ಳೆಯದಿತ್ತು. ಅಪ್ಪನಿಗೆ ಅದನ್ನು ನೀನು ಹೇಳಬಹುದು.

ಓದುಗರಿಗೆ ಒಂದು ವಿಷಯ. ಈ ಪತ್ರಕ್ಕೆ ಪತ್ರಿಕೆಯಲ್ಲೇ ಉತ್ತರ ಕೊಡೋಣ ಎಂದು ನಾನು ಕಾಯಲಿಲ್ಲ. ಪತ್ರದ ಕೊನೆಯಲ್ಲಿ ನಂಬರ್ ಇತ್ತು. ಓದಿದ ಕೂಡಲೇ ಫೋನ್ ಮಾಡಿ, ಮೊದಲು ಸ್ವಾಮಿಗಳಿಗೆ ಹೇಳು, ಅಣ್ಣನ ಜೊತೆ ಮಾತು ಆಮೇಲೆ ಎಂದೆ. ಮರುದಿನ ಬೆಳಿಗ್ಗೆ ಸ್ವಾಮಿಗಳು ಹೋದರಂತೆ. ಅಪ್ಪ ಪಾಪನಿವೇದನೆ ಮಾಡಿ, ಚೂರು ಪರಮಪ್ರಸಾದ ತೆಗೆದುಕೊಂಡು, ನೀರು ಕುಡಿದು ಮಲಗಿದರಂತೆ. ಅಣ್ಣ ಒಳಗೆ ಬರಲಿಲ್ಲ. ಆದರೆ ಸ್ವಾಮಿಗಳನ್ನು ತನ್ನ ಸ್ಕೂಟರಿನಲ್ಲಿ ಕರೆದುಕೊಂಡು ಬಂದವನು ಅವನೇ. ವಾಪಸ್ ಬಿಟ್ಟು ಬಂದವನೂ ಅವನೇ. ಇದನ್ನು ಅಚ್ಚು ಹಾಕಬಹುದು ಎಂದು ಮನೆಯವರು ಹೇಳಿದ್ದರಿಂದ ಬರೆದಿದ್ದೇನೆ.